ಕನಸಿನಲ್ಲಿ ಗುಡ್ಡ ಜರಿದರೆ

ಪ್ರಶ್ನೆ: ನನಗೆ 46 ವರ್ಷ. ಮದುವೆಯಾದಾಗಿನಿಂದ ಮೈಸೂರಿನಲ್ಲಿದ್ದೇನೆ. ತವರು ಕೊಡಗಿನ ಮುಕ್ಕೋಡ್ಲು ಕಡೆ. 2018ರ ಆಗಸ್ಟ್‌ನಲ್ಲಿ ನಮ್ಮ ಕಡೆ ಗುಡ್ಡಗಳು ಜರಿದಾಗ ಮನೆ ಉಳಿಯಿತು. ಗದ್ದೆ ಮತ್ತು ಅರ್ಧ ತೋಟ ಮಣ್ಣಿನ ಕೆಳಗೆ ಹೋಯಿತು. ಎರಡು ದಿನ ಅಪ್ಪ ಅಮ್ಮನ ಫೋನ್ ಹತ್ತಲಿಲ್ಲ. ನಾನು ಇಲ್ಲಿ ಟಿವಿ ಮುಂದೆ ಕೂತು ಒಂದೇ ಸಮನೆ ನಂಬರ್ ಒತ್ತುತ್ತಿದ್ದೆ. ಮೂರನೆಯ ದಿನ ಪರಿಹಾರ ಕೇಂದ್ರದಿಂದ ಯಾರದೋ ಫೋನಿನಲ್ಲಿ ಅಪ್ಪ ಮಾತಾಡಿದರು. ಆಮೇಲೆ ಇಬ್ಬರನ್ನೂ ನಮ್ಮ ಮನೆಗೇ ಕರೆತಂದೆವು.

ಈ ವರ್ಷ ಯುಗಾದಿ ಮುಗಿಯುತ್ತಿದ್ದಂತೆ ಅಪ್ಪ 'ನನ್ನ ಮನೆಗೆ ಹೋಗುತ್ತೇನೆ' ಎಂದು ಹಠ ಹಿಡಿದರು. ಹಂಚು ಹೊದಿಸಿ, ಗೋಡೆಗೆ ಸುಣ್ಣ ಹೊಡೆಸಿ, ಅಮ್ಮನನ್ನೂ ಕರೆದುಕೊಂಡು ಹೊರಟೇಬಿಟ್ಟರು. ಅವರಿಗೆ 78. ಅಣ್ಣ ಮೆಲ್ಬರ್ನ್‌ನಲ್ಲಿದ್ದಾನೆ, ಅವನಿಗೆ ಬಿಡುವಿಲ್ಲ.

ಆಗಿನಿಂದ ವಾರದಲ್ಲಿ ಎರಡು ಮೂರು ಸಲ ಒಂದೇ ಕನಸು. ತವರುಮನೆಯ ಜಗಲಿಯಲ್ಲಿ ನಿಂತಿರುತ್ತೇನೆ. ದೊಡ್ಡ ಗಾಳಿ ಏಳುತ್ತದೆ. ತೋಟದ ಸಿಲ್ವರ್ ಮರಗಳು ಒಂದೊಂದಾಗಿ ಮುರಿಯುತ್ತವೆ, ಹಂಚು ಹಾರುತ್ತವೆ, ಹೊಳೆ ಅಡುಗೆಮನೆಗೆ ನುಗ್ಗುತ್ತದೆ. ಮನೆ ಹಿಂದಿನ ಗುಡ್ಡದ ಬರೆ ಬಾಯಿಬಿಡುವುದು ನನಗೆ ಕಾಣುತ್ತಿರುತ್ತದೆ. ಅಪ್ಪ ಆರಾಮಕುರ್ಚಿಯಲ್ಲಿ ಪೇಪರ್ ಓದುತ್ತಿರುತ್ತಾರೆ. ಕೂಗುತ್ತೇನೆ, ದನಿ ಹೊರಡುವುದಿಲ್ಲ. ಕೈಯಲ್ಲಿ ಫೋನ್ ಇರುತ್ತದೆ, ಬೆರಳು ಆಡುವುದಿಲ್ಲ. ಎಚ್ಚರವಾದಾಗ ನಾಲ್ಕು ಗಂಟೆಯ ಸುಮಾರು, ಮೈಯೆಲ್ಲ ಬೆವರು. ತಕ್ಷಣ ಅಪ್ಪನಿಗೆ ಫೋನ್ ಮಾಡುತ್ತೇನೆ. ಈಚೆಗೆ ಅವರು ಎತ್ತುವುದನ್ನೇ ಬಿಟ್ಟಿದ್ದಾರೆ.

ಬೆಳಗಿನ ಜಾವದ ಕನಸು ಸುಳ್ಳಾಗುವುದಿಲ್ಲ, ಇದು ಕೇಡಿನ ಸೂಚನೆ, ಶಾಂತಿ ಮಾಡಿಸು ಎಂದು ಅತ್ತೆ ಹೇಳುತ್ತಾರೆ. ಯೂಟ್ಯೂಬ್‌ನಲ್ಲಿ ಒಬ್ಬರು, ಮನೆಗೆ ನೀರು ನುಗ್ಗಿದರೆ ಧನಲಾಭ ಎನ್ನುತ್ತಾರೆ. ನನಗೇನು ಹುಚ್ಚು ಹಿಡಿಯುತ್ತಿದೆಯೇ? ಈ ಕನಸಿನ ಅರ್ಥವೇನು? ಅಪ್ಪನನ್ನು ಬಲವಂತವಾಗಿಯಾದರೂ ವಾಪಸ್ ಕರೆತರಬೇಕೇ? ಮೈಗ್ರೇನ್‌ಗೆಂದು ಫೆಬ್ರವರಿಯಿಂದ ಪ್ರೊಪ್ರನೊಲಾಲ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಅದು ಬಿಟ್ಟರೆ ಆರೋಗ್ಯ ಚೆನ್ನಾಗಿದೆ.

ಹೆಸರು ಬೇಡ, ಮೈಸೂರು

ಉತ್ತರ: ನಿಮ್ಮ ಮೂರು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಒಂದೇ ಮಾತು: ಹುಚ್ಚು ಹಿಡಿಯುತ್ತಿಲ್ಲ. ಮರಳಿ ಮರಳಿ ಬರುವ ಕೆಟ್ಟ ಕನಸು ಎಷ್ಟೋ ಜನರನ್ನು ಕಾಡುತ್ತದೆ, ಅದಕ್ಕೆ ದಾರಿಯೂ ಇದೆ. ಉಳಿದ ಎರಡು ಪ್ರಶ್ನೆಗಳನ್ನು ನೀವು ಒಂದಕ್ಕೊಂದು ಗಂಟು ಹಾಕಿಬಿಟ್ಟಿದ್ದೀರಿ. ಕನಸಿನ ಅರ್ಥ ತಿಳಿದರೆ ಅಪ್ಪನ ವಿಷಯದಲ್ಲಿ ಏನು ಮಾಡಬೇಕೆಂಬುದೂ ತಿಳಿಯುತ್ತದೆ ಎಂದುಕೊಂಡಿದ್ದೀರಿ. ನಿಮ್ಮ ನಿದ್ದೆ ಕೆಡಿಸಿರುವುದು ಈ ಗಂಟು ಎಂದು ನನಗನ್ನಿಸುತ್ತದೆ. ಕನಸು ನಿಮ್ಮ ಮನಸ್ಸಿಗೆ ಸೇರಿದ್ದು, ಬರೆ ಮಣ್ಣಿಗೆ ಸೇರಿದ್ದು. ಒಂದನ್ನು ನೋಡಿ ಇನ್ನೊಂದರ ಬಗ್ಗೆ ತೀರ್ಮಾನ ಮಾಡಲಾಗದು.

ಮೊದಲು ಅತ್ತೆಯವರ ಮಾತು. ಅದನ್ನು ತಳ್ಳಿಹಾಕುವ ಮುನ್ನ ಒಂದು ವಿಷಯ ಒಪ್ಪಬೇಕು: ಬೆಳಗಿನ ಜಾವದ ಕನಸಿಗೆ ನಿಜವಾಗಿಯೂ ಒಂದು ವಿಶೇಷವಿದೆ. ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ಸರಸರನೆ ಓಡಾಡುವ ನಿದ್ರೆಯ ಹಂತವೊಂದನ್ನು ಶಿಕಾಗೊ ವಿಶ್ವವಿದ್ಯಾಲಯದ ಯೂಜಿನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ 1953ರಲ್ಲಿ ಲೋಕಕ್ಕೆ ತಿಳಿಸಿದರು. ಕಣ್ಣಿಗೆ ಕಟ್ಟಿದಂಥ, ಕಥೆಯಂತೆ ಸಾಗುವ ಕನಸುಗಳು ಹೆಚ್ಚಾಗಿ ಬೀಳುವುದು ಈ ಹಂತದಲ್ಲಿ. ಸುಮಾರು 90 ನಿಮಿಷಕ್ಕೊಮ್ಮೆ ಅದು ಬಂದುಹೋಗುತ್ತದೆ; ರಾತ್ರಿಯ ಆರಂಭದಲ್ಲಿ ಕೆಲವೇ ನಿಮಿಷವಿದ್ದದ್ದು ಬೆಳಗು ಹತ್ತಿರವಾದಂತೆ ಉದ್ದವಾಗುತ್ತ ಹೋಗುತ್ತದೆ. ಹಾಗಾಗಿ ನಾಲ್ಕು ಗಂಟೆಯ ಕನಸು ದೀರ್ಘ, ಗಾಢ. ಅದರ ಮಧ್ಯದಲ್ಲೇ ಎಚ್ಚರವಾಗುವುದರಿಂದ ಪೂರ್ತಿ ನೆನಪಿನಲ್ಲಿ ಉಳಿಯುತ್ತದೆ. ನಡುರಾತ್ರಿಯ ಕನಸನ್ನು ಮರೆತು, ಬೆಳಗಿನದನ್ನು ನೆನಪಿಟ್ಟುಕೊಂಡು, ನೆನಪಿದ್ದವುಗಳಲ್ಲಿ ಒಂದು ಎಂದೋ ಕಾಕತಾಳೀಯವಾಗಿ ಹೊಂದಿಕೆಯಾದಾಗ ಅದನ್ನೇ ಹತ್ತು ಜನಕ್ಕೆ ಹೇಳುತ್ತೇವೆ. ನಂಬಿಕೆ ಹುಟ್ಟುವುದು ಹಾಗೆ. ನಮ್ಮ ಹಿರಿಯರು ಗಮನಿಸಿದ್ದು ಸರಿ, ಅದರಿಂದ ಮಾಡಿದ ತೀರ್ಮಾನ ತಪ್ಪು. ಅಂದ ಹಾಗೆ, ಇದೇ ಹಂತದಲ್ಲಿ ಕೈಕಾಲಿನ ಸ್ನಾಯುಗಳು ಸಡಿಲಗೊಂಡು ಚಲನೆಯನ್ನು ಬಹುಮಟ್ಟಿಗೆ ನಿಲ್ಲಿಸಿರುತ್ತವೆ. ದನಿ ಹೊರಡದ, ಬೆರಳು ಆಡದ, ಓಡಲು ಹೋದರೆ ಕಾಲು ಏಳದ ಕನಸುಗಳು ಇಷ್ಟು ಸಾಮಾನ್ಯವಾಗಿರುವುದಕ್ಕೆ ಅದೂ ಒಂದು ಕಾರಣವಿರಬಹುದು.

ಶಾಸ್ತ್ರದ ಮಾತು ಬಂದದ್ದರಿಂದ ಶಾಸ್ತ್ರವನ್ನೇ ನೋಡೋಣ. ಚರಕ ಸಂಹಿತೆಯ ಇಂದ್ರಿಯಸ್ಥಾನದಲ್ಲಿ ಕನಸುಗಳನ್ನು ಏಳು ಬಗೆಯಾಗಿ ವಿಂಗಡಿಸಲಾಗಿದೆ: ಕಂಡದ್ದರಿಂದ ಬರುವ ದೃಷ್ಟ, ಕೇಳಿದ್ದರಿಂದ ಬರುವ ಶ್ರುತ, ಅನುಭವಿಸಿದ್ದರಿಂದ ಬರುವ ಅನುಭೂತ, ಬಯಸಿದ್ದರಿಂದ ಬರುವ ಪ್ರಾರ್ಥಿತ, ಕಲ್ಪಿಸಿಕೊಂಡದ್ದರಿಂದ ಬರುವ ಕಲ್ಪಿತ, ಆಮೇಲೆ ಮುಂದಾಗುವುದನ್ನು ಸೂಚಿಸುವ ಭಾವಿಕ, ದೇಹದ ದೋಷದಿಂದ ಬರುವ ದೋಷಜ. ಇವುಗಳಲ್ಲಿ ಮೊದಲ ಐದಕ್ಕೆ ಫಲವೇ ಇಲ್ಲ ಎಂದು ವೈದ್ಯ ತಿಳಿಯಬೇಕು ಎನ್ನುತ್ತದೆ ಆ ಗ್ರಂಥ. ಭವಿಷ್ಯ ಹೇಳುವ ಕನಸು ಇದೆ ಎಂದು ನಂಬಿದ್ದವರೂ ಬಹುಪಾಲು ಕನಸುಗಳನ್ನು ಆ ಪಟ್ಟಿಯಿಂದ ಹೊರಗಿಟ್ಟರು ಎಂಬುದನ್ನು ಅತ್ತೆಯವರಿಗೆ ಮೆಲ್ಲಗೆ ತಿಳಿಸಬಹುದು.

ಈಗ ನಿಮ್ಮ ಕನಸನ್ನು ಈ ವಿಂಗಡಣೆಯ ಪಕ್ಕದಲ್ಲಿಟ್ಟು ನೋಡಿ. ಬರೆ ಬಾಯಿಬಿಡುವುದನ್ನು ನೀವು ಎಂದೂ ಕಣ್ಣಾರೆ ಕಂಡಿಲ್ಲ. ಆ ಆಗಸ್ಟ್‌ನಲ್ಲಿ ಮನೆಯೊಂದು ಮಣ್ಣಿನೊಡನೆ ಜಾರಿಹೋಗುವ ದೃಶ್ಯ ಟಿವಿಯಲ್ಲಿ ದಿನವಿಡೀ ಬರುತ್ತಿತ್ತು. ನಿಮ್ಮ ಗುಡ್ಡ ಅಲ್ಲಿಂದ ಬಂದದ್ದು. ಹೊಳೆಯ ಸದ್ದು, ಮರ ಮುರಿದದ್ದು ಅಪ್ಪ ಅಮ್ಮ ಆಮೇಲೆ ಹೇಳಿದ್ದರಿಂದ ಬಂದಿರಬೇಕು. ನೀವೇ ಸ್ವತಃ ಅನುಭವಿಸಿದ್ದು ಒಂದೇ ಒಂದು, ಹತ್ತದ ಫೋನ್. ಕನಸಿನಲ್ಲಿ ಗಾಳಿ ಹೊಳೆಗಳೆಲ್ಲ ಅಬ್ಬರಿಸುತ್ತಿರುವಾಗ ನಿಮ್ಮ ಕೈಯಲ್ಲಿರುವುದೂ ಅದೇ. ನನ್ನನ್ನು ಕೇಳಿದರೆ ಆ ಕನಸಿನ ತಿರುಳು ಫೋನಿನಲ್ಲಿದೆ. ಬಿರುಗಾಳಿ ಅದರ ಸುತ್ತ ಎದ್ದದ್ದು.

ಹಾಗಾದರೆ ಬಿರುಗಾಳಿ ಯಾಕೆ? ಅಮೆರಿಕದ ಬಾಸ್ಟನ್‌ನಲ್ಲಿದ್ದ ಮನೋವೈದ್ಯ ಅರ್ನೆಸ್ಟ್ ಹಾರ್ಟ್‌ಮನ್ ತಮ್ಮ ವೃತ್ತಿಜೀವನದ ದೊಡ್ಡ ಪಾಲನ್ನು ದುಃಸ್ವಪ್ನಗಳ ಅಧ್ಯಯನಕ್ಕೆ ಮೀಸಲಿಟ್ಟವರು. ದೊಡ್ಡ ಆಘಾತಕ್ಕೆ ಒಳಗಾದವರ ಕನಸುಗಳನ್ನು ಸಾಲಾಗಿ ಸಂಗ್ರಹಿಸಿದಾಗ ಅವರಿಗೊಂದು ವಿಚಿತ್ರ ಕಂಡಿತು. ಬೆಂಕಿಯಿಂದ ಪಾರಾದವರು ಮೊದಮೊದಲು ಬೆಂಕಿಯನ್ನೇ ಕನಸುತ್ತಾರೆ. ಕೆಲವು ದಿನಗಳ ಮೇಲೆ ಅವರಿಗೆ ಕಡಲ ದಡದಲ್ಲಿ ನಿಂತ ಕನಸು ಬೀಳುತ್ತದೆ, ಪರ್ವತದಂಥ ಅಲೆಯೊಂದು ಎದ್ದುಬಂದು ನುಂಗಿಹಾಕುತ್ತದೆ. ಹಲ್ಲೆಗೆ ಗುರಿಯಾದವರಿಗೂ ಹತ್ತಿರದವರನ್ನು ಕಳೆದುಕೊಂಡವರಿಗೂ ಇಂಥದ್ದೇ ಅಲೆ. ನಡೆದ ಘಟನೆ ಬೇರೆ ಬೇರೆ, ಕನಸಿನ ಚಿತ್ರ ಒಂದೇ. ಕನಸು ಘಟನೆಯನ್ನು ಚಿತ್ರಿಸುವುದಿಲ್ಲ, ಆ ಹೊತ್ತಿನ ಭಾವನೆಯನ್ನು ಚಿತ್ರಿಸುತ್ತದೆ ಎಂದು ಹಾರ್ಟ್‌ಮನ್ ವಾದಿಸಿದರು. 'ನನ್ನ ಕೈಮೀರಿತು' ಎಂಬ ಭಾವಕ್ಕೆ ಅಲೆಗಿಂತ, ಗಾಳಿಗಿಂತ, ಜರಿಯುವ ಗುಡ್ಡಕ್ಕಿಂತ ತಕ್ಕ ಚಿತ್ರ ಮನುಷ್ಯನ ಮನಸ್ಸಿಗೆ ಸಿಗುವುದು ಕಷ್ಟ.

ಪ್ರಕೃತಿಯ ಈ ಶಕ್ತಿಗಳಲ್ಲಿ ಇನ್ನೊಂದು ಗುಣವಿದೆ, ಅದರ ಬಗ್ಗೆ ಪುಸ್ತಕಗಳಿಗಿಂತ ಎದುರು ಕೂತು ಅಳುವವರಿಂದ ನಾನು ಹೆಚ್ಚು ಕಲಿತಿದ್ದೇನೆ. ಗಾಳಿಯ ಮೇಲೆ ಯಾರೂ ಸಿಟ್ಟಾಗಲಾರರು. ಹೊಳೆಯನ್ನು ಬೈದು ಪ್ರಯೋಜನವಿಲ್ಲ, ಅದರ ಜೊತೆ ಚೌಕಾಸಿ ನಡೆಯುವುದಿಲ್ಲ, ಅದಕ್ಕೆ ಕೇಡು ಮಾಡುವ ಉದ್ದೇಶವೂ ಇಲ್ಲ. ಆದ್ದರಿಂದ ಯಾರ ಮೇಲೆ ಸಿಟ್ಟಾಗುವುದು ನಮಗೆ ನಾವೇ ಹಾಕಿಕೊಂಡ ನಿಷೇಧವೋ ಅಂಥವರ ಮೇಲಿನ ಸಿಟ್ಟು ಕನಸಿನಲ್ಲಿ ಮನುಷ್ಯರೂಪ ಬಿಟ್ಟು ಹವಾಮಾನದ ರೂಪ ತಾಳುವುದುಂಟು. ಹೆತ್ತವರು, ಗಂಡ, ಕೈಹಿಡಿದು ನಡೆಸಿದ ಅಣ್ಣ, ಇಂಥವರು. ಇದು ಎಲ್ಲರಿಗೂ ಅನ್ವಯಿಸುವ ಸೂತ್ರವೆಂದು ದಯವಿಟ್ಟು ತಿಳಿಯಬೇಡಿ. ಬಿರುಗಾಳಿಗೆ ಸಿಟ್ಟು, ನೆರೆಗೆ ದುಃಖ, ಭೂಕಂಪಕ್ಕೆ ನೆಲೆ ತಪ್ಪುವ ಭಯ ಎಂದು ಪಟ್ಟಿ ಕೊಡುವ ಪುಸ್ತಕಗಳಿವೆ. ಆ ಪಟ್ಟಿ ಪ್ರಶ್ನೆ ಕೇಳಲು ಒಂದು ಆರಂಭವಾದೀತು, ಉತ್ತರವಾಗಲಾರದು. ಮೂರು ವರ್ಷ ಮಳೆ ಕಾಣದ ಚಿತ್ರದುರ್ಗದ ರೈತನ ಕನಸಿನಲ್ಲಿ ಕೆರೆ ಕೋಡಿ ಬಿದ್ದು ನೀರು ಮನೆ ಬಾಗಿಲಿಗೆ ಬಂದರೆ ಅವನು ನಗುತ್ತಲೇ ಏಳಬಹುದು. ಮಲ್ಪೆಯ ಮೀನುಗಾರನಿಗೆ ಬಿರುಗಾಳಿಯೆಂದರೆ ಗೊತ್ತಿರುವ ವೈರಿ, ಅವನ ಕನಸಿನ ಗಾಳಿ ನಿಮ್ಮದಲ್ಲ. ಅತ್ತೆಯವರ ಕೇಡು, ಯೂಟ್ಯೂಬಿನವರ ಧನಲಾಭ ಎರಡೂ ಹುಸಿಯಾಗುವುದು ಇಲ್ಲೇ: ಇಬ್ಬರೂ ನೀರನ್ನು ನೋಡಿದರು, ನಿಮ್ಮನ್ನು ನೋಡಲಿಲ್ಲ.

ನಾನು ನಿಮ್ಮನ್ನು ಕಂಡದ್ದು ಪತ್ರದಲ್ಲಿ ಮಾತ್ರ. ಅಪ್ಪನ ಹಠ, ಹಂಚು, ಸುಣ್ಣ, ಕುರ್ಚಿ, ಪೇಪರ್ ಎಲ್ಲಕ್ಕೂ ಅದರಲ್ಲಿ ಜಾಗವಿದೆ. ಅಣ್ಣನಿಗೆ ಸಿಕ್ಕಿದ್ದು ಒಂದೇ ಸಾಲು, ಅದೂ ಅವನ ಪರವಾದ ಸಮಜಾಯಿಷಿ. ಕನಸಿನಲ್ಲಂತೂ ಅವನಿಲ್ಲವೇ ಇಲ್ಲ. ಇಡೀ ಮನೆ ಕೊಚ್ಚಿಹೋಗುತ್ತಿರುವಾಗ ಜಗಲಿಯಲ್ಲಿ ನಿಂತು ಕೂಗುವ ಹೊಣೆ ನಿಮ್ಮೊಬ್ಬರದು. 2018ರಲ್ಲಿ ಫೋನ್ ಹಿಡಿದು ಕೂತವರು ನೀವು, ಅವರನ್ನು ಕರೆತಂದು ಇಷ್ಟು ವರ್ಷ ನೋಡಿಕೊಂಡವರು ನೀವು, ಈಗ ನಾಲ್ಕು ಗಂಟೆಗೆ ಎದ್ದು ಕಾಯುತ್ತಿರುವವರೂ ನೀವೇ. ಅಪ್ಪ ಕನಸಿನಲ್ಲಿ ಪೇಪರ್‌ನಿಂದ ತಲೆ ಎತ್ತುವುದಿಲ್ಲ. ಎಚ್ಚರದಲ್ಲಿ ಫೋನ್ ಎತ್ತುವುದಿಲ್ಲ. 'ನನ್ನ ಮಾತಿಗೆ ಬೆಲೆ ಕೊಡದೆ ಹೊರಟುಹೋದರು' ಎಂಬ ನೋವನ್ನು ನೀವು ಯಾರಿಗಾದರೂ ಹೇಳಿದ್ದೀರಾ? ಪತ್ರದಲ್ಲಂತೂ ಇಲ್ಲ. ನನ್ನ ಊಹೆ ತಪ್ಪಿದ್ದರೆ ಬಿಟ್ಟುಬಿಡಿ. ಓದುತ್ತಿದ್ದಂತೆ ಗಂಟಲು ಕಟ್ಟಿದರೆ ಮಾತ್ರ, ಯೋಚಿಸಿ ನೋಡಿ.

ರಾಮಾಯಣದಲ್ಲಿ ಭರತನ ಕನಸು ಬರುತ್ತದಲ್ಲ, ಅತ್ತೆಯವರು ಅದನ್ನು ಎತ್ತಿಯೇ ಎತ್ತುತ್ತಾರೆ. ಸೋದರಮಾವನ ಮನೆಯಲ್ಲಿದ್ದ ಅವನಿಗೆ ಕಡಲು ಬತ್ತಿದ್ದು, ಚಂದ್ರ ನೆಲಕ್ಕೆ ಬಿದ್ದದ್ದು, ಭೂಮಿ ಬಿರಿದು ಬೆಟ್ಟಗಳು ಕುಸಿದದ್ದು ಕಾಣುತ್ತದೆ. ಬೆಳಗಾಗುತ್ತಿದ್ದಂತೆ ಅಯೋಧ್ಯೆಯ ದೂತರು ಬರುತ್ತಾರೆ. ಆದರೆ ಕಾವ್ಯದಲ್ಲೂ ಆ ಹೊತ್ತಿಗೆ ದಶರಥ ತೀರಿಕೊಂಡಾಗಿತ್ತು. ಆ ಕನಸು ಕೇಡನ್ನು ತಪ್ಪಿಸಲಿಲ್ಲ. ದೂರವಿದ್ದ ಮಗನ ಕಳವಳಕ್ಕೆ ವಾಲ್ಮೀಕಿ ಕೊಟ್ಟ ರೂಪ ಎಂದು ಅದನ್ನು ಓದುವುದು ನನಗಿಷ್ಟ.

ಕನಸು ಎಚ್ಚರಿಸುತ್ತದೆ ಎಂಬ ನಂಬಿಕೆಯನ್ನು ಒಬ್ಬ ಮನೋವೈದ್ಯ ಪರೀಕ್ಷೆಗೇ ಒಡ್ಡಿದ್ದುಂಟು. ಅದೂ ಗುಡ್ಡ ಜರಿದ ಪ್ರಸಂಗದಲ್ಲೇ. ಬ್ರಿಟನ್ನಿನ ವೇಲ್ಸ್‌ನಲ್ಲಿ ಆಬರ್‌ವ್ಯಾನ್ ಎಂಬ ಗಣಿ ಊರು. 1966ರ ಅಕ್ಟೋಬರ್ 21ರ ಬೆಳಿಗ್ಗೆ ಊರ ಮೇಲಿನ ಬೆಟ್ಟದಲ್ಲಿ ರಾಶಿ ಹಾಕಿದ್ದ ಕಲ್ಲಿದ್ದಲು ಗಣಿಯ ತ್ಯಾಜ್ಯ ಮಳೆಯಲ್ಲಿ ನೆನೆದು ಜರಿಯಿತು, ಪಂಟ್‌ಗ್ಲಾಸ್ ಶಾಲೆಯನ್ನೂ ಅಕ್ಕಪಕ್ಕದ ಮನೆಗಳನ್ನೂ ಹೂತುಹಾಕಿತು. ಸತ್ತವರು 144, ಅವರಲ್ಲಿ 116 ಮಕ್ಕಳು. ಕೆಲವೇ ದಿನಗಳಲ್ಲಿ ಜಾನ್ ಬಾರ್ಕರ್ ಎಂಬ ಮನೋವೈದ್ಯ, ಈ ದುರಂತ ಮೊದಲೇ ಕನಸಿನಲ್ಲಿ ಕಂಡವರಿದ್ದರೆ ಬರೆಯಿರಿ ಎಂದು ಪತ್ರಿಕೆಯ ಮೂಲಕ ಕೇಳಿಕೊಂಡ. ಹತ್ತಾರು ಪತ್ರ ಬಂದವು. ಉತ್ಸಾಹಗೊಂಡ ಆತ 1967ರಲ್ಲಿ ಲಂಡನ್ನಿನ ಈವ್‌ನಿಂಗ್ ಸ್ಟ್ಯಾಂಡರ್ಡ್ ಪತ್ರಿಕೆಯ ಜೊತೆ ಸೇರಿ ಮುನ್ಸೂಚನೆಗಳನ್ನು ಘಟನೆಗೆ ಮೊದಲೇ ದಾಖಲಿಸುವ ಕಚೇರಿಯನ್ನೇ ತೆರೆದ. ನೂರಾರು ಮುನ್ಸೂಚನೆಗಳು ಬಂದವು. ಮೊದಲೇ ಬರೆದಿಡಬೇಕು ಎಂಬ ನಿಯಮ ಬಂದ ಮೇಲೆ ಬಹುಪಾಲು ಸೂಚನೆಗಳು ಹುಸಿಯಾದವು.

ನನ್ನನ್ನು ಹೆಚ್ಚು ಕಾಡುವುದು ಆ ಕಥೆಯ ಇನ್ನೊಂದು ಭಾಗ. ಆಬರ್‌ವ್ಯಾನ್‌ನಲ್ಲಿ ಎಚ್ಚರಿಕೆ ಇತ್ತು, ಹಗಲಿನಲ್ಲೇ ಇತ್ತು, ಕಾಗದದ ಮೇಲಿತ್ತು. ಶಾಲೆಯ ಹಿಂದೆ ತ್ಯಾಜ್ಯ ಸುರಿಯುವುದು ಅಪಾಯವೆಂದು ಸ್ಥಳೀಯ ಆಡಳಿತದವರು 1963ರಲ್ಲೇ ಪತ್ರ ಬರೆದಿದ್ದರು. ರಾಶಿ ಹಾಕಿದ್ದು ನೀರಿನ ಸೆಲೆಯ ಮೇಲೆ. ವಿಚಾರಣಾ ಮಂಡಳಿ ದುರಂತದ ಹೊಣೆಯನ್ನು ರಾಷ್ಟ್ರೀಯ ಕಲ್ಲಿದ್ದಲು ಮಂಡಳಿಯ ಮೇಲೆ ಹೊರಿಸಿತು. ಕನಸುಗಳನ್ನು ಜನ ಮುಗಿಬಿದ್ದು ಓದಿದರು. ಆ ಎಚ್ಚರಿಕೆಯ ಪತ್ರಗಳನ್ನು ಓದಬೇಕಾದವರು ಮಾತ್ರ ಗಂಭೀರವಾಗಿ ಓದಲಿಲ್ಲ.

ಅಪ್ಪನ ಮನೆಯ ವಿಷಯದಲ್ಲಿ ನೀವು ಓದಬೇಕಾದದ್ದು ಅಂಥ ಹಗಲಿನ ಸುಳಿವುಗಳನ್ನು. ಅಪಾಯ ಇಲ್ಲವೆಂದು ನಾನು ಹೇಳಲಾರೆ. 2018ರ ಮೇಲೂ 2019ರಲ್ಲಿ ವಿರಾಜಪೇಟೆ ಕಡೆಯ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ, 2024ರ ಜುಲೈನಲ್ಲಿ ಅಂಕೋಲಾದ ಶಿರೂರು, ಅದೇ ತಿಂಗಳು ವಯನಾಡು. 2018ರ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಎಡೆಬಿಡದ ಮಳೆಯ ಜೊತೆಗೆ ರಸ್ತೆಗೂ ಮನೆಗೂ ಇಳಿಜಾರನ್ನು ಕಡಿದದ್ದನ್ನು ಕಾರಣವೆಂದು ಗುರುತಿಸಿತು. ನಿಮ್ಮ ತವರುಮನೆಯ ಹಿಂದಿನ ಬರೆ ಹುಟ್ಟಿದ್ದೇ ಹಾಗೆ ಕಡಿದದ್ದರಿಂದಲೋ? ಅದರ ನೆತ್ತಿಯಲ್ಲಿ ಬಿರುಕಿದೆಯೇ? ಮರಗಳು, ಬೇಲಿಯ ಕಂಬಗಳು ಇದ್ದಕ್ಕಿದ್ದಂತೆ ವಾಲಿವೆಯೇ? ಹಿಂದೆ ಇಲ್ಲದ ಕಡೆ ನೀರು ಜಿನುಗುತ್ತಿದೆಯೇ, ಒರತೆಯ ನೀರು ಕೆಸರಾಗಿ ಬರುತ್ತಿದೆಯೇ? ಗೋಡೆ ಬಿರುಕುಬಿಟ್ಟು ಬಾಗಿಲು ಕಿಟಕಿ ಸಿಕ್ಕಿಹಾಕಿಕೊಳ್ಳುತ್ತಿವೆಯೇ? ಇವಕ್ಕೆ ಉತ್ತರ ಕೊಡಬಲ್ಲವರು ಬಾಳಿನ ಬಹುಪಾಲನ್ನು ಆ ಮಣ್ಣಿನಲ್ಲಿ ಕಳೆದ ನಿಮ್ಮ ಅಪ್ಪ. ಅವರನ್ನೇ ಕೇಳಿ, ಹಗಲು ಹೊತ್ತಿನಲ್ಲಿ, ಮಗಳಾಗಿ. ಆಮೇಲೆ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ಆ ಜಾಗವನ್ನು ಪರಿಶೀಲಿಸಿಕೊಡಿ ಎಂದು ಕೇಳಿ. ಜಿಲ್ಲೆಯ ತುರ್ತು ಸಹಾಯವಾಣಿ 1077 ಅಪ್ಪನ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದಿರಲಿ. ಬಲವಂತವಾಗಿ ಕರೆತರುವ ಮಾತು ಬೇಡ. ಕಕ್ಕಡ ತಿಂಗಳ ಜಡಿಮಳೆ ಮುಗಿಯುವವರೆಗೆ, ರೆಡ್ ಅಲರ್ಟ್ ಬಂದಾಗ, ಇಬ್ಬರೂ ಮಡಿಕೇರಿಯಲ್ಲೋ ಮೈಸೂರಿನಲ್ಲೋ ಇರುವ ಒಪ್ಪಂದವೊಂದನ್ನು ಮಾಡಿಕೊಳ್ಳಿ. 'ಕನಸು ಬಿತ್ತು, ಬಂದುಬಿಡಿ' ಎಂದರೆ ಅವರು ಬರುವುದಿಲ್ಲ. ನಾನಾದರೂ ಬರುತ್ತಿರಲಿಲ್ಲ.

ಶಾಂತಿಯ ವಿಷಯ. ಅತ್ತೆಯವರಿಗೆ ಸಮಾಧಾನವಾಗುವುದಾದರೆ ಒಂದು ಪೂಜೆ ಮಾಡಿಸುವುದರಲ್ಲಿ ನನ್ನದೇನೂ ತಕರಾರಿಲ್ಲ. ಸಾಲ ಮಾಡಿ ಬೇಡ, ಹೆದರಿ ಬೇಡ. ಕನ್ನಡದಲ್ಲೇ ಇದರ ಬಗ್ಗೆ ಒಂದು ದೊಡ್ಡ ಎಚ್ಚರಿಕೆಯ ಕಾವ್ಯವಿದೆ: ಜನ್ನ 1209ರಲ್ಲಿ ಬರೆದ 'ಯಶೋಧರ ಚರಿತೆ'. ಹೆಂಡತಿಯ ನಡತೆಯನ್ನು ಕಂಡು ನೊಂದ ರಾಜ ಅದನ್ನು ಬಾಯಿಬಿಟ್ಟು ಹೇಳಲಾರದೆ, ಕನಸು ಕಂಡೆ ಎಂದು ತಾಯಿಯ ಮುಂದೆ ಹೇಳುತ್ತಾನೆ. ತಾಯಿ ಹೆದರಿ ಬಲಿ ಕೊಡಿಸಲು ಹೊರಡುತ್ತಾಳೆ. ಕೊನೆಗೆ ಹಿಟ್ಟಿನ ಕೋಳಿಗೆ ಒಪ್ಪಂದವಾಗುತ್ತದೆ, ಆ ಸಂಕಲ್ಪಹಿಂಸೆಯೇ ತಾಯಿ ಮಗ ಇಬ್ಬರನ್ನೂ ಜನ್ಮಜನ್ಮಾಂತರಕ್ಕೆ ಎಳೆಯುತ್ತದೆ. ಹೇಳಬೇಕಾದ ನೋವನ್ನು ಹೇಳದೆ ಕನಸಿನ ಹೊದಿಕೆ ಹೊದಿಸಿದ್ದು, ಕೇಳಿದವರು ಕನಸಿಗೆ ಪರಿಹಾರ ಹುಡುಕಿ ನೋವನ್ನು ಕೇಳದೆ ಹೋದದ್ದು. ಆ ಭಾಗವನ್ನು ಓದುವಾಗ ನನಗೆ ಪ್ರತಿ ಸಲವೂ ನನ್ನ ಕೋಣೆಗೆ ಬರುವ ಮನೆಮಂದಿಯೇ ನೆನಪಾಗುತ್ತಾರೆ.

ಈಗ ನೀವು ಕೊನೆಯ ಸಾಲಿನಲ್ಲಿ ಹಾಗೇ ಸುಮ್ಮನೆ ಬರೆದದ್ದಕ್ಕೆ ಬರುತ್ತೇನೆ. ಪ್ರೊಪ್ರನೊಲಾಲ್ ಮೈಗ್ರೇನ್ ತಡೆಯಲು ಕೊಡುವ ಒಳ್ಳೆಯ, ಹಳೆಯ ಔಷಧ. ಅದು ಮಿದುಳಿನೊಳಗೆ ಸುಲಭವಾಗಿ ಸೇರುತ್ತದೆ. ಕೆಲವರಲ್ಲಿ ಗಾಢವಾದ ಕನಸುಗಳನ್ನು, ದುಃಸ್ವಪ್ನಗಳನ್ನು ಉಂಟುಮಾಡುವುದು ಅದರ ಗೊತ್ತಿರುವ ಅಡ್ಡಪರಿಣಾಮ. ಫೆಬ್ರವರಿಯಲ್ಲಿ ಮಾತ್ರೆ ಶುರುವಾಗಿದೆ, ಯುಗಾದಿಯ ನಂತರ ಅಪ್ಪ ಹೊರಟಿದ್ದಾರೆ, ಕನಸು ಶುರುವಾಗಿದೆ. ಮಾತ್ರೆ ಕನಸಿಗೆ ವಸ್ತು ಕೊಡುವುದಿಲ್ಲ. ನಿಮ್ಮೊಳಗೆ ಇದ್ದ ಕಳವಳ ಅದರಿಂದ ಜೋರಾಗಿ ಬಣ್ಣ ತುಂಬಿಕೊಂಡಿರಬಹುದು. ಮಾತ್ರೆ ಬರೆದುಕೊಟ್ಟ ವೈದ್ಯರಿಗೆ ಇದನ್ನು ಈ ವಾರವೇ ತಿಳಿಸಿ. ಬದಲಿ ಔಷಧಗಳಿವೆ. ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ, ಎದೆಬಡಿತ ಮತ್ತು ರಕ್ತದೊತ್ತಡ ಏರುವ ಅಪಾಯವಿದೆ.

ಕನಸನ್ನು ಹಗಲಿನಲ್ಲಿ ಬದಲಿಸುವ ಒಂದು ವಿಧಾನವನ್ನೂ ಹೇಳುತ್ತೇನೆ. ಕೇಳಿದರೆ ಆಟದಂತೆ ಅನ್ನಿಸುತ್ತದೆ, ಆದರೆ ದುಃಸ್ವಪ್ನಕ್ಕೆ ನಿದ್ರಾವೈದ್ಯರು ಶಿಫಾರಸು ಮಾಡುವ ಮುಖ್ಯ ಚಿಕಿತ್ಸೆ ಇದೇ. ಬ್ಯಾರಿ ಕ್ರಾಕೊ ಎಂಬ ಅಮೆರಿಕದ ವೈದ್ಯ ಲೈಂಗಿಕ ದೌರ್ಜನ್ಯದ ಆಘಾತದಿಂದ ನರಳುತ್ತಿದ್ದ 168 ಮಹಿಳೆಯರ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2001ರಲ್ಲಿ ಅಲ್ಲಿನ ವೈದ್ಯಕೀಯ ಸಂಘದ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಚಿಕಿತ್ಸೆ ಪಡೆದವರಲ್ಲಿ ಕೆಟ್ಟ ಕನಸುಗಳು ಕಡಿಮೆಯಾದವು, ನಿದ್ದೆಯೂ ಸುಧಾರಿಸಿತು. ಮಾಡಬೇಕಾದದ್ದು ಇಷ್ಟು. ಹಗಲು ಹೊತ್ತಿನಲ್ಲಿ, ಮಲಗುವ ಮುನ್ನವಲ್ಲ, ಕನಸನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಆಮೇಲೆ ಅದನ್ನು ನಿಮಗೆ ಹೇಗೆ ಬೇಕೋ ಹಾಗೆ ಬದಲಿಸಿ ಮತ್ತೊಮ್ಮೆ ಬರೆಯಿರಿ. ಗಾಳಿಯನ್ನು ನಿಲ್ಲಿಸಲೇಬೇಕೆಂದಿಲ್ಲ. ಅಪ್ಪ ಪೇಪರ್ ಮಡಚಿಟ್ಟು 'ಏನು?' ಎನ್ನಬಹುದು, ನಿಮ್ಮ ದನಿ ಹೊರಡಬಹುದು, ಜಗಲಿಯಲ್ಲಿ ನಿಮ್ಮ ಜೊತೆ ಇನ್ನೊಬ್ಬರು ನಿಂತಿರಬಹುದು. ಯಾವುದೆಂದು ನೀವೇ ಆರಿಸಿ, ನನ್ನದನ್ನು ನಕಲು ಮಾಡಬೇಡಿ. ಬದಲಿಸಿದ ಆ ಕನಸನ್ನು ದಿನವೂ ಹತ್ತು ಹದಿನೈದು ನಿಮಿಷ ಕಣ್ಣುಮುಚ್ಚಿ ನಡೆಸಿಕೊಳ್ಳಿ. ಹಳೆಯದನ್ನು ಮತ್ತೆ ಓದುವುದು ಬೇಡ. ಕೆಲವು ವಾರ ಹಿಡಿಯುತ್ತದೆ. ಬರೆಯಲು ಕೂತಾಗ ಉಸಿರುಕಟ್ಟಿದಂತಾದರೆ, 2018ರ ದಿನಗಳು ಎಚ್ಚರದಲ್ಲೂ ಕಣ್ಮುಂದೆ ಬಂದರೆ, ಮಳೆಯ ಸದ್ದಿಗೆ ಮೈನಡುಗಿದರೆ, ಒಬ್ಬರೇ ಮಾಡಬೇಡಿ. ಆಪ್ತಸಮಾಲೋಚಕರ ಅಥವಾ ಮನೋವೈದ್ಯರ ಎದುರು ಮಾಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ.

ಉಳಿದದ್ದು ಅಣ್ಣ. ಅಪ್ಪನ ಜಾಗ ಪರಿಶೀಲನೆಗೆ ಅರ್ಜಿ ಹಾಕುವುದು, ಮಳೆಗಾಲದ ಒಪ್ಪಂದಕ್ಕೆ ಅಪ್ಪನನ್ನು ಒಪ್ಪಿಸುವುದು, ದಿನಕ್ಕೊಮ್ಮೆ ಅವರ ಯೋಗಕ್ಷೇಮ ವಿಚಾರಿಸುವುದು, ಇವುಗಳಲ್ಲಿ ಅರ್ಧವನ್ನು ಮೆಲ್ಬರ್ನ್‌ನಿಂದಲೂ ಮಾಡಬಹುದು. ಅವನಿಗೆ ಬಿಡುವಿಲ್ಲ ಎಂದು ನೀವೇ ತೀರ್ಮಾನಿಸಿದ್ದೀರೋ, ಅವನು ಹೇಳಿದ್ದಾನೋ? ಕೇಳಿ ನೋಡಿ. ಮಳೆಗಾಲದಲ್ಲಿ ಮೆಲ್ಬರ್ನ್‌ನ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಮುಂದಿರುತ್ತದೆ. ನೀವು ಬೆವತು ನಾಲ್ಕಕ್ಕೆ ಏಳುವಾಗ ಅಲ್ಲಿ ಬೆಳಿಗ್ಗೆ ಎಂಟೂವರೆ. ಆ ಹೊತ್ತಿನಲ್ಲಿ ಯಾರಿಗಾದರೂ ಫೋನ್ ಮಾಡಲೇಬೇಕೆನ್ನಿಸಿದರೆ ಅಪ್ಪ ಮಲಗಿರಲಿ, ಅಣ್ಣನಿಗೆ ಮಾಡಿ.